ಓಡುವ ರೈಲು, ಕೂಗುವ ಗಾಳಿ

ಟೋಕಿಯೋದಿಂದ ಉತ್ತರದ ಕಡೆ ಹೊರಡುವ ಹಯಬುಸಾ ಜಪಾನಿನ ಅತಿ ವೇಗದ ರೈಲು. ಬಯಲಿಗೆ ಬಿದ್ದರೆ ಗಂಟೆಗೆ 320 ಕಿಲೋಮೀಟರ್ ಓಟ. ಆದರೆ ಹೊರಟಲ್ಲಿಂದ ಮೂವತ್ತು ಕಿಲೋಮೀಟರ್ ದೂರದ ಓಮಿಯಾ ನಿಲ್ದಾಣ ಮುಟ್ಟುವುದಕ್ಕೇ ಅದಕ್ಕೆ ಸುಮಾರು ಇಪ್ಪತ್ತೈದು ನಿಮಿಷ ಬೇಕು. ಹಳಿ ಹಳೆಯದಾಗಿಲ್ಲ, ಎಂಜಿನ್‌ಗೆ ದಣಿವಾಗಿಲ್ಲ. ಅಲ್ಲಿ ಅಕ್ಕಪಕ್ಕ ಮನೆಗಳಿವೆ, ಅಷ್ಟೇ ಕಾರಣ. 1970ರ ದಶಕದಲ್ಲಿ ಈ ಮಾರ್ಗ ಬರುತ್ತದೆಂದು ತಿಳಿದ ನಿವಾಸಿಗಳು ಸದ್ದಿನ ಪ್ರಶ್ನೆ ಎತ್ತಿ ಪಟ್ಟು ಹಿಡಿದು ಕೂತರು. 1985ರಲ್ಲಿ ಉಯೆನೋ–ಓಮಿಯಾ ಭಾಗದಲ್ಲಿ ರೈಲು ಓಡತೊಡಗಿದಾಗ ಅಲ್ಲಿನ ವೇಗದ ಮಿತಿ 110 ಕಿಲೋಮೀಟರ್. ಸಾಲದ್ದಕ್ಕೆ ಅದೇ ಜನರ ದಿನನಿತ್ಯದ ಓಡಾಟಕ್ಕೆಂದು ಸೈಕ್ಯೋ ಎಂಬ ಲೋಕಲ್ ರೈಲಿನ ಮಾರ್ಗವನ್ನೂ ಪಕ್ಕದಲ್ಲೇ ಹಾಕಿಕೊಡಬೇಕಾಯಿತು. ಆ ಮಿತಿ ಅಲುಗಾಡಿದ್ದು 2021ರ ಮಾರ್ಚ್‌ನಲ್ಲಿ. ತಡೆಗೋಡೆಗಳನ್ನು ಎತ್ತರಿಸಿ, ಸದ್ದು ಹೀರುವ ಫಲಕಗಳನ್ನು ಕೂರಿಸಿ, ಕೆಲವು ವರ್ಷ ಕೆಲಸ ಮಾಡಿದ ಮೇಲೆ ಒಂದಷ್ಟು ದೂರಕ್ಕೆ ಮಿತಿಯನ್ನು 130ಕ್ಕೆ ಏರಿಸಿದರು. ಪ್ರಯಾಣಿಕರಿಗೆ ಇದರಿಂದ ಉಳಿದದ್ದು ಹೆಚ್ಚೆಂದರೆ ಒಂದು ನಿಮಿಷ.

ಬುಲೆಟ್ ರೈಲು ಎಂದಾಗ ಎಲ್ಲರಿಗೂ ನೆನಪಾಗುವುದು ಮೋಟಾರಿನ ಶಕ್ತಿ, ಹಳಿಯ ನಯ, ಹೊರಗೆ ಸರ್ರನೆ ಸರಿಯುವ ಫ್ಯೂಜಿ ಪರ್ವತ. ಜನವಸತಿ ದಟ್ಟವಾದ ದೇಶದಲ್ಲಿ ಅದರ ವೇಗಕ್ಕೆ ಗೆರೆ ಎಳೆಯುವುದು ಬಹಳ ಸಲ ಹಳಿಯ ಪಕ್ಕದ ಮನೆಯವರ ಕಿವಿ.

ಈ ಪಾಠ ಮೊದಲು ಕಲಿಸಿದ್ದು ನಗೋಯಾ ನಗರ. 1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಡುವೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಓಡಿದಾಗ ಇಡೀ ಜಗತ್ತು ಬೆರಗಾಗಿ ನೋಡಿತು. ಗಂಟೆಗೆ 210 ಕಿಲೋಮೀಟರ್ ಎಂಬುದು ಅಂದಿಗೆ ನಂಬಲಾಗದ ವೇಗ. ಟೋಕಿಯೋ ಒಲಿಂಪಿಕ್ಸ್‌ಗೆ ಮೊದಲು ಮುಗಿಯಲೇಬೇಕೆಂಬ ಅವಸರದಲ್ಲಿ ಕಟ್ಟಿದ ಮಾರ್ಗವದು. ಸದ್ದಿನ ಬಗ್ಗೆ ಮುಂಚಿತವಾಗಿ ಲೆಕ್ಕ ಹಾಕುವ ಪದ್ಧತಿಯಾಗಲಿ, ಇಷ್ಟಕ್ಕಿಂತ ಹೆಚ್ಚಿರಬಾರದು ಎನ್ನುವ ಕಾನೂನಾಗಲಿ ಆಗ ಇರಲಿಲ್ಲ. ಜಲ್ಲಿಯ ಹಾಸಿಲ್ಲದ ಉಕ್ಕಿನ ಸೇತುವೆಗಳ ಮೇಲೆ ರೈಲು ಹಾದರೆ ಸೇತುವೆಯೇ ತಮಟೆಯಾಗುತ್ತಿತ್ತು. ನಗೋಯಾದ ಒತ್ತೊತ್ತಾದ ಬಡಾವಣೆಗಳ ನಡುವೆ ಏಳು ಕಿಲೋಮೀಟರ್ ಉದ್ದಕ್ಕೂ ಮನೆಗಳು ನಡುಗಿದವು. ಬೆಳಗಿನ ಆರರಿಂದ ನಡುರಾತ್ರಿಯ ಹನ್ನೆರಡರವರೆಗೆ. 1974ರ ಮಾರ್ಚ್‌ನಲ್ಲಿ ಅಲ್ಲಿನ 575 ಮಂದಿ ಜಪಾನಿನ ರಾಷ್ಟ್ರೀಯ ರೈಲ್ವೆಯ ಮೇಲೆ ದಾವೆ ಹೂಡಿದರು. ಕೇಳಿದ್ದು ಎರಡು: ಪರಿಹಾರ ಕೊಡಿ, ಸದ್ದು ಇಳಿಯುವಂತೆ ವೇಗ ತಗ್ಗಿಸಿ.

ರೈಲ್ವೆಯ ವಾದ ಚತುರವಾಗಿತ್ತು. ಏಳು ಕಿಲೋಮೀಟರ್ ನಿಧಾನಿಸಿದರೆ ಹೋಗುವುದು ಕೆಲವೇ ನಿಮಿಷ, ನಿಜ. ಆದರೆ ಇಲ್ಲಿ ಒಪ್ಪಿದರೆ ಮಾರ್ಗದುದ್ದಕ್ಕೂ ಪ್ರತಿ ಊರೂ ಅದನ್ನೇ ಕೇಳುತ್ತದೆ, ಆಮೇಲೆ ಶಿಂಕಾನ್ಸೆನ್ ಎಂಬುದೇ ಉಳಿಯುವುದಿಲ್ಲ ಎಂದಿತು. 1980ರಲ್ಲಿ ಜಿಲ್ಲಾ ನ್ಯಾಯಾಲಯ ಪರಿಹಾರಕ್ಕೆ ಒಪ್ಪಿತು, ವೇಗ ತಗ್ಗಿಸಲು ಆದೇಶ ಕೊಡಲಿಲ್ಲ. 1985ರ ಹೈಕೋರ್ಟ್ ತೀರ್ಪೂ ಅದೇ ದಾರಿ ಹಿಡಿಯಿತು. 1986ರಲ್ಲಿ ರಾಜಿಯಾಯಿತು. ಕಾಗದದ ಮೇಲೆ ಅರ್ಧ ಗೆಲುವು. ಆದರೆ ದಾವೆ ನಡೆಯುತ್ತಿರುವಾಗಲೇ, 1975ರ ಜುಲೈನಲ್ಲಿ, ಜಪಾನ್ ಸರ್ಕಾರ ಶಿಂಕಾನ್ಸೆನ್‌ಗೆಂದೇ ಸದ್ದಿನ ಮಾನದಂಡ ಹೊರಡಿಸಿತ್ತು: ವಾಸದ ಪ್ರದೇಶದಲ್ಲಿ 70 ಡೆಸಿಬೆಲ್, ಅಂಗಡಿ–ಕಾರ್ಖಾನೆಗಳ ಪ್ರದೇಶದಲ್ಲಿ 75. ಅಲ್ಲಿಂದೀಚೆಗೆ ಜಪಾನಿನಲ್ಲಿ ರೂಪುಗೊಂಡ ಪ್ರತಿಯೊಂದು ವೇಗದ ರೈಲಿನ ಮೂತಿ, ಗಾಲಿ, ಚಾವಣಿ ಎಲ್ಲವೂ ಈ ಎರಡು ಅಂಕಿಗಳಿಗೆ ತಲೆಬಾಗಿಯೇ ಹುಟ್ಟಿವೆ.

ಆ ಮಾನದಂಡದ ಅಳತೆಯ ರೀತಿಯಲ್ಲೇ ಒಂದು ಜಾಣತನವಿದೆ. ಸಾಲಾಗಿ ಬರುವ 20 ರೈಲುಗಳ ಸದ್ದನ್ನು ಅಳೆಯಬೇಕು. ಪ್ರತಿಯೊಂದರ ಗರಿಷ್ಠ ಮಟ್ಟ ಬರೆದುಕೊಳ್ಳಬೇಕು. ಅದರಲ್ಲಿ ಜೋರಾದ ಅರ್ಧವನ್ನು ಮಾತ್ರ ತೆಗೆದುಕೊಂಡು ಅವುಗಳ ಸರಾಸರಿ ಕಾಣಬೇಕು. ಇಡೀ ದಿನದ ಸರಾಸರಿ ಹಿಡಿದಿದ್ದರೆ ಏನಾಗುತ್ತಿತ್ತು? ಹದಿನಾರು ಬೋಗಿಯ 400 ಮೀಟರ್ ಉದ್ದದ ರೈಲು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಒಂದು ಮನೆಯ ಮುಂದೆ ಹಾದುಹೋಗಲು ಐದು ಸೆಕೆಂಡೂ ಬೇಡ. ಹಾದುಹೋಗುವಾಗ 80 ಡೆಸಿಬೆಲ್ ಇತ್ತೆಂದುಕೊಳ್ಳಿ. ಅಂಥ ಹತ್ತು ರೈಲು ಬಂದರೂ ಗಂಟೆಯ ಸರಾಸರಿಯಲ್ಲಿ ಅದು 61ರ ಆಸುಪಾಸಿಗೆ ಕರಗಿಹೋಗುತ್ತದೆ. ಕಾಗದ ನೋಡಿದವರಿಗೆ ಊರು ಶಾಂತ. ಮಗುವನ್ನು ಮಲಗಿಸಲು ಕೂತವರಿಗೆ ಗಂಟೆಗೆ ಹತ್ತು ಸಲ ಬೆಚ್ಚಿಬೀಳುವ ಪಾಡು. ಯುರೋಪಿನ ಬಹುತೇಕ ದೇಶಗಳು ಸರಾಸರಿಯ ಲೆಕ್ಕವನ್ನೇ ನೆಚ್ಚಿಕೊಂಡಿವೆ, ಅದಕ್ಕೂ ಅದರದೇ ಸಮರ್ಥನೆಗಳಿವೆ. ಆದರೂ ನಿದ್ದೆಗೆಟ್ಟವರ ಪಕ್ಷ ವಹಿಸಿರುವುದು ಜಪಾನಿನ ವಿಧಾನ ಎಂದೇ ಹೇಳಬೇಕು.

ಇನ್ನು ಡೆಸಿಬೆಲ್ ಎಂಬ ಲೆಕ್ಕ. ಇದರಲ್ಲಿ ಕೂಡುವುದು ಕಳೆಯುವುದು ನಮ್ಮ ಮಾಮೂಲಿನಂತಲ್ಲ. ಒಂದೇ ಥರದ ಎರಡು ರೈಲು ಒಟ್ಟಿಗೆ ಬಂದರೆ ಸದ್ದು ದುಪ್ಪಟ್ಟು ಅಂಕಿಯಾಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ. ಕಿವಿಗೆ ‘ಎರಡರಷ್ಟಾಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಇದರ ಇನ್ನೊಂದು ಪರಿಣಾಮ ಎಂಜಿನಿಯರುಗಳಿಗೆ ತಲೆನೋವು: ಹಲವು ಮೂಲಗಳಿಂದ ಸದ್ದು ಬರುವಾಗ ಎಲ್ಲಕ್ಕಿಂತ ಜೋರಾದುದನ್ನು ಬಿಟ್ಟು ಮಿಕ್ಕವನ್ನು ಎಷ್ಟು ತಗ್ಗಿಸಿದರೂ ಒಟ್ಟು ಅಂಕಿ ಹೆಚ್ಚು ಕದಲುವುದಿಲ್ಲ. ಹಾಗಾಗಿ ಮೊದಲ ಕೆಲಸ, ಯಾವುದು ಎಷ್ಟು ಕೂಗುತ್ತಿದೆ ಎಂದು ಬಿಡಿಸಿ ನೋಡುವುದು.

ಎಲ್ಲ ರೈಲುಗಳಿಗೂ ಸಾಮಾನ್ಯವಾದ ಸದ್ದು ಗಾಲಿ–ಹಳಿಯದು. ಕಣ್ಣಿಗೆ ಕನ್ನಡಿಯಂತೆ ಕಾಣುವ ಹಳಿಯ ಮೈಮೇಲೂ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಸಣ್ಣ ಉಬ್ಬುತಗ್ಗುಗಳಿರುತ್ತವೆ, ಗಾಲಿಯ ಮೈಯಲ್ಲೂ ಇರುತ್ತವೆ. ಐದು ಸೆಂಟಿಮೀಟರಿಗೊಂದರಂತೆ ಉಬ್ಬುಗಳಿವೆ ಎನ್ನಿ. 300 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ 1,600ಕ್ಕೂ ಹೆಚ್ಚು ಸಲ ಅವುಗಳ ಮೇಲೆ ಹಾಯುತ್ತದೆ. ಗಾಲಿ, ಹಳಿ, ಅದರಡಿಯ ಸ್ಲೀಪರ್ ಮೂರೂ ಕಂಪಿಸಿ ಗಾಳಿಗೆ ಸದ್ದು ಬಿಡುತ್ತವೆ. ಮಂದ್ರದ ಸ್ವರ ಸ್ಲೀಪರಿನದು, ನಡುವಿನದು ಹಳಿಯದು, ತಾರದ್ದು ಗಾಲಿಯದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಥಾಂಪ್ಸನ್ ಮತ್ತು ಸಂಗಡಿಗರ ಕೆಲಸದಿಂದ ರೂಪುಗೊಂಡ ಟ್ವಿನ್ಸ್ ಎಂಬ ಗಣಕ ಮಾದರಿ ಈ ಪಾಲನ್ನು ಲೆಕ್ಕ ಹಾಕಿಕೊಡುತ್ತದೆ. ಹಳಿಯ ಉಬ್ಬುತಗ್ಗಿನ ಅಳತೆ, ಗಾಲಿಯ ಆಕಾರ, ಹಳಿಯಡಿಯ ರಬ್ಬರ್ ಪಟ್ಟಿಯ ಬಿಗಿತ ಇವನ್ನು ಕೊಟ್ಟರೆ ಸದ್ದು ಎಷ್ಟು, ಅದರಲ್ಲಿ ಯಾರ ಪಾಲೆಷ್ಟು ಎಂದು ಹೇಳುತ್ತದೆ. ರಬ್ಬರ್ ಪಟ್ಟಿ ಮೆತ್ತಗಿದ್ದರೆ ಹಳಿ ಹೆಚ್ಚು ಕೂಗುತ್ತದೆ, ಗಡುಸಾಗಿದ್ದರೆ ಸ್ಲೀಪರ್ ಕೂಗುತ್ತದೆ. ಒಬ್ಬರ ಬಾಯಿ ಮುಚ್ಚಿಸಲು ಹೋದರೆ ಇನ್ನೊಬ್ಬರು ಶುರು.

ಇದಕ್ಕೆ ಮದ್ದು ಸರಳವೇ. ಎರಕದ ಕಬ್ಬಿಣದ ಬ್ರೇಕ್ ಕಟ್ಟೆ ಗಾಲಿಯ ಮೈಗೆ ಉಜ್ಜಿ ಉಜ್ಜಿ ಅದನ್ನು ಒರಟಾಗಿಸುತ್ತದೆ. ಅದರ ಬದಲು ಡಿಸ್ಕ್ ಬ್ರೇಕ್ ಹಾಕಿದರೆ ಗಾಲಿ ನಯವಾಗಿಯೇ ಉಳಿಯುತ್ತದೆ. ಹಳೆಯ ಬ್ರೇಕಿನ ಸದ್ದುಗಾರ ಗೂಡ್ಸ್ ವ್ಯಾಗನ್‌ಗಳನ್ನು ಸ್ವಿಟ್ಜರ್ಲೆಂಡ್ 2020ರಿಂದ ತನ್ನ ಹಳಿಗಳ ಮೇಲೆ ಬಿಟ್ಟುಕೊಳ್ಳುತ್ತಿಲ್ಲ. ಜರ್ಮನಿಯಲ್ಲಿ ಸದ್ದಿಗೆಂದೇ ನಿಗಾ ಇಟ್ಟು ಆಗಾಗ ಹಳಿ ಉಜ್ಜುವ ಭಾಗಗಳಿಗೆ ಲೆಕ್ಕದಲ್ಲಿ 3 ಡೆಸಿಬೆಲ್ ರಿಯಾಯಿತಿಯೂ ಇದೆ.

ವೇಗ ಏರಿದಂತೆ ಕಥೆ ಬದಲಾಗುತ್ತದೆ. ಗಾಲಿ–ಹಳಿಯ ಸದ್ದಿನ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಾಳಿ ಸೀಳುವ ಸದ್ದು ಏರುವುದು ವೇಗದ ಆರನೆಯ ಘಾತಕ್ಕೆ. 200ರಿಂದ 300 ಕಿಲೋಮೀಟರಿಗೆ ಹೋದರೆ ಮೊದಲನೆಯದು 5 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ, ಎರಡನೆಯದು 10ಕ್ಕೂ ಮೇಲೆ. ಆದ್ದರಿಂದ ಸಾಧಾರಣ ವೇಗದಲ್ಲಿ ಲೆಕ್ಕಕ್ಕೇ ಇಲ್ಲದ ಗಾಳಿಯ ಸದ್ದು 300ರ ಆಸುಪಾಸಿನಲ್ಲಿ ಗಾಲಿಗೆ ಸರಿಸಮನಾಗಿ ನಿಂತು, ಮುಂದೆ ಅದನ್ನು ಮೀರುತ್ತದೆ. 1952ರಲ್ಲಿ ಜೆಟ್ ವಿಮಾನದ ಸದ್ದಿನ ಮೇಲೆ ಜೇಮ್ಸ್ ಲೈಟ್‌ಹಿಲ್ ಬರೆದ ಸಿದ್ಧಾಂತ ರೈಲಿನವರ ಪಠ್ಯಕ್ಕೂ ಬಂದದ್ದು ಹೀಗೆ.

ಅದರಲ್ಲಿ ಮುಖ್ಯ ಆರೋಪಿ ಚಾವಣಿಯ ಮೇಲಿದೆ. ಮೇಲಿನ ತಂತಿಯಿಂದ ವಿದ್ಯುತ್ ಎಳೆದುಕೊಳ್ಳುವ ಪ್ಯಾಂಟೋಗ್ರಾಫ್. ತೆಳು ಬೆತ್ತವನ್ನು ಜೋರಾಗಿ ಬೀಸಿದರೆ ಸುಯ್ ಎನ್ನುತ್ತದಲ್ಲ, ಪ್ಯಾಂಟೋಗ್ರಾಫಿನ ಸರಳುಗಳು ಮಾಡುವುದೂ ಅದನ್ನೇ. ಸರಳಿನ ಹಿಂದೆ ಗಾಳಿಯ ಸುಳಿಗಳು ಒಮ್ಮೆ ಈಚೆ ಒಮ್ಮೆ ಆಚೆ ಕಳಚಿಕೊಳ್ಳುತ್ತವೆ, ಆ ಲಯವೇ ಸ್ವರ. 1878ರಲ್ಲಿ ವಿನ್ಸೆಂಕ್ ಸ್ಟ್ರೌಹಾಲ್ ಕಂಡುಕೊಂಡ ನಿಯಮದಂತೆ ಸ್ವರದ ಎತ್ತರ ಗಾಳಿಯ ವೇಗ ಮತ್ತು ಸರಳಿನ ದಪ್ಪದ ಮೇಲೆ ನಿಂತಿದೆ. ಐದು ಸೆಂಟಿಮೀಟರ್ ದಪ್ಪದ ಸರಳು 300 ಕಿಲೋಮೀಟರ್ ವೇಗದಲ್ಲಿ ಸುಮಾರು 330 ಹರ್ಟ್ಜ್‌ನಲ್ಲಿ ಹಾಡುತ್ತದೆ. ಹಾಡು ಎನ್ನುವುದು ಮರ್ಯಾದೆಗೆ. ಮೊದಲ ತಲೆಮಾರಿನ ಶಿಂಕಾನ್ಸೆನ್‌ನ ಹದಿನಾರು ಬೋಗಿಗಳ ಮೇಲೆ ಇಂಥವು ಎಂಟಿದ್ದವು. ತಂತಿಯಿಂದ ಕ್ಷಣಕಾಲ ಬಿಟ್ಟು ಮತ್ತೆ ತಾಗುವಾಗ ಕಿಡಿ ಹಾರಿ ಚಟಪಟ ಸದ್ದು ಬೇರೆ. ಬೋಗಿಗಳ ನಡುವೆ ಹೈವೋಲ್ಟೇಜ್ ಕೇಬಲ್ ಎಳೆದು ಪ್ಯಾಂಟೋಗ್ರಾಫ್‌ಗಳನ್ನು ಒಂದಕ್ಕೊಂದು ಜೋಡಿಸಿದಾಗ ಕಿಡಿಯೂ ಕಡಿಮೆಯಾಯಿತು, ಎಂಟರ ಅಗತ್ಯವೂ ತಪ್ಪಿತು. 2011ರಲ್ಲಿ ಬಂದ ಇ5 ರೈಲಿನಲ್ಲಿ ಎರಡಿವೆ, ಓಡುವಾಗ ಎತ್ತುವುದು ಒಂದನ್ನೇ. ಗಾಳಿಯಿಂದ ಮರೆ ಮಾಡಲೆಂದು ನಡುವೆ ಒಂದು ಕಾಲದಲ್ಲಿ ಭಾರೀ ಕವಚಗಳನ್ನು ಕೂರಿಸಿದ್ದೂ ಉಂಟು. ಆ ಕವಚಗಳೇ ಗಾಳಿಗೆ ಅಡ್ಡ ನಿಂತು ಹೊಸ ಸದ್ದು ಹುಟ್ಟಿಸಿದವು.

ಇಲ್ಲಿ ಗೂಬೆ ಬರುತ್ತದೆ, ಅದರ ಹಿಂದೆಯೇ ಮಿಂಚುಳ್ಳಿ. ಪಶ್ಚಿಮ ಜಪಾನ್ ರೈಲ್ವೆಯ ಎಂಜಿನಿಯರ್ ಏಜಿ ನಕಾತ್ಸು ಪಕ್ಷಿವೀಕ್ಷಕರೂ ಹೌದು. ಗೂಬೆ ಸದ್ದಿಲ್ಲದೆ ಹಾರುವುದು ಅದರ ಗರಿಯಂಚಿನ ಸಣ್ಣ ಹಲ್ಲುಗಳಿಂದ; ದೊಡ್ಡ ಸುಳಿ ಹುಟ್ಟುವ ಮೊದಲೇ ಅವು ಗಾಳಿಯನ್ನು ಚಿಕ್ಕ ಚಿಕ್ಕ ಸುಳಿಗಳಾಗಿ ಒಡೆಯುತ್ತವೆ. 500 ಸರಣಿಯ ರೈಲಿಗೆ ರೆಕ್ಕೆಯಾಕಾರದ ಪ್ಯಾಂಟೋಗ್ರಾಫ್ ಮಾಡಿ ಅದರ ಪಕ್ಕಗಳಲ್ಲಿ ಇದೇ ಉಪಾಯ ಬಳಸಿದರು.

ಮಿಂಚುಳ್ಳಿ ಬೇಕಾದದ್ದು ಸುರಂಗಕ್ಕೆ. ಒಸಾಕಾದಿಂದ ಹಕಾತಾವರೆಗಿನ ಸಾನ್ಯೋ ಮಾರ್ಗದ ಹೆಚ್ಚುಕಡಿಮೆ ಅರ್ಧ ಸುರಂಗಗಳೇ. 1970ರ ದಶಕದ ನಡುವಿನಲ್ಲಿ ಅಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ರೈಲು ಸುರಂಗದ ಈ ಬಾಯಿಗೆ ನುಗ್ಗಿದ ಸ್ವಲ್ಪ ಹೊತ್ತಿಗೆ, ಅದು ಇನ್ನೂ ಒಳಗಿರುವಾಗಲೇ, ಆ ಬಾಯಿಯಲ್ಲಿ ಢಮ್ ಎಂದು ಸಿಡಿತ. ಸುತ್ತಲಿನ ಮನೆಗಳ ಕಿಟಕಿ ಬಾಗಿಲು ಗಡಗಡ. ಕಾರಣ ಹೀಗಿದೆ. ಒಳನುಗ್ಗುವ ರೈಲು ಮುಂದಿನ ಗಾಳಿಯನ್ನು ಒತ್ತುತ್ತದೆ. ಆ ಒತ್ತಡದ ಅಲೆ ಶಬ್ದದ ವೇಗದಲ್ಲಿ ಮುಂದೋಡುತ್ತದೆ. ಒತ್ತಡ ಹೆಚ್ಚಿರುವ ಭಾಗ ತುಸು ಬೇಗ ಸಾಗುವುದರಿಂದ ಹಿಂದಿನದು ಮುಂದಿನದನ್ನು ಹಿಡಿಯುತ್ತಾ ಅಲೆಯ ಮುಖ ಕಡಿದಾಗುತ್ತಾ ಹೋಗುತ್ತದೆ. ಹಳಿಯಡಿ ಜಲ್ಲಿಯಿದ್ದರೆ ಅದರ ಸಂದುಗಳು ಅಲೆಯನ್ನು ಮೆತ್ತಗೆ ಮಾಡುತ್ತವೆ; ನಯವಾದ ಕಾಂಕ್ರೀಟ್ ಹಾಸಿನ ಉದ್ದ ಸುರಂಗದಲ್ಲಿ ಆ ಭಾಗ್ಯವಿಲ್ಲ. ಆಚೆ ಬಾಯಿ ತಲುಪಿದಾಗ ಕಡಿದಾದ ಅಲೆ ಸಿಡಿತವಾಗಿ ಹೊರಬೀಳುತ್ತದೆ. ಅದರ ಮೂಲವಾದ ಒತ್ತಡ ಏರುವ ದರ ವೇಗದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ 210 ಕಿಲೋಮೀಟರಿನಲ್ಲಿದ್ದ ಕಾಟ 300ರಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು.

ಜಪಾನಿನ ರೈಲ್ವೆ ಸಂಶೋಧಕರು ಮೊದಲು ಹುಡುಕಿದ ಉಪಾಯ ಸುರಂಗದ ಬಾಯಿಗೆ ಕುಲಾವಿ ತೊಡಿಸುವುದು. ಸುರಂಗಕ್ಕಿಂತ ಅಗಲವಾದ, ಪಕ್ಕದಲ್ಲಿ ಕಿಂಡಿಗಳಿರುವ ಕಾಂಕ್ರೀಟ್ ಅಥವಾ ಉಕ್ಕಿನ ಮುಂಚಾವಣಿ. ಒತ್ತಡ ಒಮ್ಮೆಲೇ ಏರದೆ ಹಂತಹಂತವಾಗಿ ಏರುತ್ತದೆ. ವೇಗ ಇನ್ನೂ ಹೆಚ್ಚಿಸಬೇಕೆಂದಾಗ ರೈಲಿನ ಮೂತಿಯನ್ನೇ ಬದಲಿಸಬೇಕಾಯಿತು. ಸುರಂಗ ಹೊಕ್ಕಾಗ ರೈಲೇ ಕುಗ್ಗಿದಂತೆ ಅನ್ನಿಸುತ್ತದೆ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದು ನಕಾತ್ಸು ತಲೆಯಲ್ಲಿ ಕೂತಿತು. ಗಾಳಿಯಿಂದ ನೀರಿಗೆ ಎರಗಿದರೂ ಹನಿ ಚಿಮ್ಮಿಸದ ಮಿಂಚುಳ್ಳಿಯ ಕೊಕ್ಕು ಅವರಿಗೆ ನೆನಪಾಯಿತು. ಬೇರೆ ಬೇರೆ ಆಕಾರದ ಗುಂಡುಗಳನ್ನು ಕೊಳವೆಯೊಳಗೆ ಹಾರಿಸಿ ಅಳೆದರು, ಗಣಕದಲ್ಲೂ ಲೆಕ್ಕ ಹಾಕಿದರು. ಸಿಕ್ಕ ಉತ್ತರ ಮಿಂಚುಳ್ಳಿಯ ಕೊಕ್ಕಿಗೆ ಬಹಳ ಹತ್ತಿರವಿತ್ತು. 1997ರ ಮಾರ್ಚ್‌ನಲ್ಲಿ 500 ಸರಣಿ 15 ಮೀಟರ್ ಮೂತಿ ಚಾಚಿಕೊಂಡು 300 ಕಿಲೋಮೀಟರ್ ವೇಗದಲ್ಲಿ ಓಡಿತು.

ಈ ಕಥೆ ಜಗತ್ತಿನ ಎಷ್ಟೋ ವಿಜ್ಞಾನ ಪುಸ್ತಕಗಳಲ್ಲಿ ಸೇರಿಹೋಗಿದೆ, ಕೇಳಲು ಸೊಗಸು. ಆದರೆ ಅರ್ಧ ಮಾತ್ರ ಹೇಳುತ್ತಾರೆ. ಮೂತಿಯಷ್ಟೇ ಕೆಲಸ ಮಾಡಿದ್ದು ಬೋಗಿಯ ಅಡ್ಡಗಾತ್ರ, ಅದನ್ನು 10.2 ಚದರ ಮೀಟರಿಗೆ ಇಳಿಸಿ ದುಂಡಗೆ ಮಾಡಿದ್ದರಿಂದ ಸುರಂಗದಲ್ಲಿ ಗಾಳಿಗೆ ಜಾಗ ಸಿಕ್ಕಿತು, ಪ್ರಯಾಣಿಕರ ತಲೆಯ ಮೇಲೆ ಜಾಗ ಕಡಿಮೆಯಾಯಿತು. ಮೂತಿ ಉದ್ದವಾದ್ದರಿಂದ ತುದಿಯ ಬೋಗಿಗಳಲ್ಲಿ ಮುಂಬಾಗಿಲಿಗೂ ಸ್ಥಳವಿರಲಿಲ್ಲ. ಕಟ್ಟಿದ್ದು ಒಂಬತ್ತೇ ರೈಲು. ಗೂಬೆಯ ಪ್ಯಾಂಟೋಗ್ರಾಫನ್ನೂ ಮುಂದೆ ಈ ರೈಲುಗಳನ್ನು ಎಂಟು ಬೋಗಿಗೆ ಇಳಿಸುವಾಗ ತೆಗೆದು, ಎಲ್ಲ ಕಡೆ ಬಳಕೆಗೆ ಬಂದಿದ್ದ ಒಂಟಿ ತೋಳಿನ ಮಾದರಿ ಹಾಕಿದರು. 2007ರಲ್ಲಿ ಬಂದ ಎನ್700 ರೈಲು ಗಣಕದ ಲೆಕ್ಕಾಚಾರದಿಂದಲೇ ಮೂಡಿದ 10.7 ಮೀಟರಿನ ಮೂತಿಯಲ್ಲಿ ಅದೇ ಕೆಲಸ ಮಾಡಿ ತೋರಿಸಿತು, ಬಾಗಿಲು ಸೀಟುಗಳನ್ನೂ ಉಳಿಸಿಕೊಂಡಿತು. ಅದಕ್ಕೆ ಯಾವ ಹಕ್ಕಿಯ ಹೆಸರೂ ಅಂಟಿಕೊಳ್ಳದ್ದರಿಂದ ಪುಸ್ತಕದವರು ಕೇಳಲಿಲ್ಲ. ನಗೋಯಾದ 575 ಮಂದಿಯನ್ನೂ ಅವರು ಕೇಳುವುದಿಲ್ಲ. ಮಿಂಚುಳ್ಳಿಯನ್ನು ಹುಡುಕುವ ಅಗತ್ಯ ಹುಟ್ಟಿಸಿದ್ದು ಆ ಜನ ಮತ್ತು ಅವರ ಕಾಲದ ಕಾನೂನು.

ಜಪಾನ್ ಮೂವತ್ತು ವರ್ಷ ಮೊದಲೇ ಕಂಡಿದ್ದನ್ನು ಜರ್ಮನಿ ತನ್ನ ಕಣ್ಣಾರೆ ಕಂಡ ಮೇಲೆ ನಂಬಿತು. ಯುರೋಪಿನ ಸುರಂಗಗಳು ಅಗಲ, ಅಲ್ಲಿ ಇಂಥ ಸಿಡಿತ ಬರದು ಎಂಬ ಭರವಸೆಯಿತ್ತು. ನ್ಯೂರೆಂಬರ್ಗ್–ಇಂಗೊಲ್‌ಸ್ಟಾಟ್ ಮಾರ್ಗದ ಏಳು ಕಿಲೋಮೀಟರಿಗೂ ಉದ್ದದ ಎರಡು ಸುರಂಗಗಳಿಗೆ ಕಾಂಕ್ರೀಟ್ ಹಾಸು ಹಾಕಿದ್ದರು. 2005ರ ಕೊನೆಯಲ್ಲಿ ಪರೀಕ್ಷಾರ್ಥ ಓಟದಲ್ಲಿ ಢಮ್ ಕೇಳಿಬಂತು. ಮಾರ್ಗ 2006ರ ಮೇನಲ್ಲಿ ತೆರೆಯುವ ಮೊದಲು ತರಾತುರಿಯಲ್ಲಿ ಒಳಗೆ ಸದ್ದು ಹೀರುವ ಹಾಸುಗಳನ್ನು ಕೂರಿಸಬೇಕಾಯಿತು. ಲಂಡನ್ನಿನಿಂದ ಉತ್ತರಕ್ಕೆ ಕಟ್ಟುತ್ತಿರುವ ಎಚ್‌ಎಸ್2 ಮಾರ್ಗದ ಚಿಲ್ಟರ್ನ್ ಸುರಂಗಕ್ಕೆ ಈಗ ನಕ್ಷೆಯಲ್ಲೇ ರಂಧ್ರಗಳಿರುವ ಉದ್ದನೆಯ ಮುಖಮಂಟಪ ಸೇರಿಕೊಂಡಿದೆ.

ಸದ್ದನ್ನು ಮುಂಗಾಣುವ ಕೆಲಸ ಈಗ ನಡೆಯುವುದು ಸುಮಾರಾಗಿ ಹೀಗೆ: ಹಳಿಯ ಪಕ್ಕ ಹತ್ತಾರು ಮೈಕ್ರೋಫೋನ್‌ಗಳ ಚೌಕಟ್ಟು ನಿಲ್ಲಿಸಿ, ಪ್ರತಿಯೊಂದಕ್ಕೂ ಸದ್ದು ತಲುಪಿದ ಸಣ್ಣ ಅಂತರಗಳಿಂದ ರೈಲಿನ ಯಾವ ಭಾಗ ಎಷ್ಟು ಕೂಗಿತು ಎಂಬ ಚಿತ್ರ ತೆಗೆಯುತ್ತಾರೆ. 1996ರಲ್ಲಿ ಮೈಬಾರಾ ಎಂಬಲ್ಲಿ ಜಪಾನ್ ಕಟ್ಟಿದ ಗಾಳಿ ಸುರಂಗ ತಾನು ಸದ್ದು ಮಾಡದೆ ಗಂಟೆಗೆ 400 ಕಿಲೋಮೀಟರ್ ವೇಗದ ಗಾಳಿ ಬೀಸಬಲ್ಲದು. ಅಲ್ಲಿ ಮಾದರಿಗಳ ಪರೀಕ್ಷೆ. ಆಮೇಲೆ ಕೆಳಭಾಗ, ಮೇಲ್ಭಾಗ, ಪ್ಯಾಂಟೋಗ್ರಾಫ್, ಸೇತುವೆಯ ಕಾಂಕ್ರೀಟು ಎಂದು ನಾಲ್ಕು ಮೂಲಗಳಾಗಿ ಹಂಚಿ, ಪ್ರತಿಯೊಂದೂ ದೂರದಲ್ಲಿ, ಗೋಡೆಯ ಹಿಂದೆ, ಎಷ್ಟಾಗುತ್ತದೆ ಎಂದು ಕಂಡು ಕೂಡುತ್ತಾರೆ. ಹಾಗೆ ಹಂಚುವುದೇಕೆಂದರೆ ಗೋಡೆ ಎಲ್ಲಕ್ಕೂ ಒಂದೇ ಥರ ಅಡ್ಡ ಬರುವುದಿಲ್ಲ. ಸದ್ದು ಗೋಡೆಯ ನೆತ್ತಿ ಬಳಸಿ ಬಾಗುತ್ತದೆ. ಎಷ್ಟು ದೂರ ಬಳಸಬೇಕೋ ಅಷ್ಟು ಸೊರಗುತ್ತದೆ. ಇದರ ಲೆಕ್ಕದ ನಕ್ಷೆಯನ್ನು ಕೋಬೆ ವಿಶ್ವವಿದ್ಯಾಲಯದ ಮಾಯೆಕಾವಾ 1968ರಲ್ಲೇ ಕೊಟ್ಟಿದ್ದರು. ಎರಡು ಮೀಟರಿನ ಗೋಡೆ ಗಾಲಿಯ ಬಾಯಿ ಮುಚ್ಚಿಸೀತು. ಹಳಿಯಿಂದ ಐದು ಮೀಟರ್ ಮೇಲಿರುವ ಪ್ಯಾಂಟೋಗ್ರಾಫ್ ಗೋಡೆಯ ಮೇಲಿಂದ ನೇರ ನೋಡುತ್ತಿರುತ್ತದೆ.

508 ಕಿಲೋಮೀಟರ್ ಉದ್ದದ ಮುಂಬೈ–ಅಹಮದಾಬಾದ್ ಮಾರ್ಗದ ಮೇಲ್ಸೇತುವೆಯ ಇಬ್ಬದಿಗೂ ಈಗ ಏಳುತ್ತಿರುವುದು ಇಂಥದೇ ಗೋಡೆ: ಹಳಿಯ ಮಟ್ಟದಿಂದ ಎರಡು ಮೀಟರ್ ಎತ್ತರ, ಒಂದೊಂದು ಮೀಟರ್ ಅಗಲದ ಕಾಂಕ್ರೀಟ್ ಫಲಕಗಳು. ಜನವಸತಿಯಿರುವಲ್ಲಿ ಮೂರು ಮೀಟರ್. ಆ ಮೇಲಿನ ಒಂದು ಮೀಟರನ್ನು ಬೆಳಕು ಹಾಯುವ ಪಾಲಿಕಾರ್ಬೊನೇಟಿನಲ್ಲಿ ಮಾಡುತ್ತಾರೆ, ಒಳಗೆ ಕೂತವರಿಗೆ ಹೊರಗಿನ ನೋಟ ತಪ್ಪಬಾರದೆಂದು. ಬೆಂಗಳೂರಿಗೂ ಈ ಲೋಕದ ನಂಟು ಬಂದಿದೆ. ಗಂಟೆಗೆ 280 ಕಿಲೋಮೀಟರ್ ವೇಗಕ್ಕೆ ತಕ್ಕಂತೆ ವಿನ್ಯಾಸಗೊಳ್ಳಬೇಕಾದ, ಎಂಟೆಂಟು ಬೋಗಿಗಳ ಎರಡು ರೈಲು ಕಟ್ಟುವ ಗುತ್ತಿಗೆ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಬಿಇಎಂಎಲ್ ಕಂಪನಿಗೆ ಸಿಕ್ಕಿತು. ಗಾಳಿಯ ಸದ್ದು ಗಾಲಿಯ ಸದ್ದನ್ನು ಹಿಂದಿಕ್ಕಲು ಹವಣಿಸುವ ವೇಗ ಅದು.

ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎನ್ನುತ್ತವೆ. ಅಂಕಿ ನೋಡಿದರೆ ಜಪಾನಿಗಿಂತ ಬಿಗಿ. ಆದರೆ ಕೋಷ್ಟಕದಲ್ಲಿರುವುದು ಹೊತ್ತಿನ ಸರಾಸರಿ. ರಾತ್ರಿ ಹತ್ತಕ್ಕೆ ಮೊದಲು ಐದು ಸೆಕೆಂಡಿನಲ್ಲಿ ಹಾದುಹೋಗುವ ರೈಲೊಂದು ಬೆಳಗಿನ ಆರು ಗಂಟೆಯಿಂದ ಲೆಕ್ಕ ಹಿಡಿದ ಹದಿನಾರು ತಾಸುಗಳಲ್ಲಿ ಪಾಲು ಪಡೆಯುತ್ತದೆ. ಆ ಐದು ಸೆಕೆಂಡುಗಳ ಗರಿಷ್ಠವನ್ನು ಯಾವ ಅಳತೆಗೋಲಿನಿಂದ ನೋಡಬೇಕು ಎಂಬುದನ್ನು ಕಂಬ ನೆಡುವ ಮೊದಲೇ ಗೊತ್ತುಮಾಡಿಕೊಂಡರೆ ಗೋಡೆಯ ಎತ್ತರ, ಮೂತಿಯ ಉದ್ದ, ಸುರಂಗದ ಬಾಯಿಯ ಕುಲಾವಿ ಎಲ್ಲವೂ ನಕ್ಷೆಯಲ್ಲೇ ತೀರ್ಮಾನವಾಗುತ್ತವೆ. ಕಂಬ ನೆಟ್ಟ ಮೇಲೆ ಅದನ್ನು ತೀರ್ಮಾನಿಸಲು ನಗೋಯಾದಲ್ಲಿ ಹನ್ನೆರಡು ವರ್ಷ ಹಿಡಿಯಿತು.